‘ನಾಳೆ ಬಾ’ ಓದಲು ಬಾರದ ವೈರಸ್ಸಿಗೆ

ಶ್ರೀಮಾನ್ ಎಚ್‌ಐವಿ ಅವರಿಗೆ, ಕೋಲ್ಕತ್ತಾದಲ್ಲಿ ಹೊಟ್ಟೆಪಾಡು ನೋಡಿಕೊಂಡಿರುವ ಕನ್ನಡದ ನರ್ಸೊಬ್ಬಳ ನಮಸ್ಕಾರಗಳು.

ನಿಮಗೆ ಓದು ಬರಹ ಬರುವುದಿಲ್ಲ, ಅದೇ ತೊಂದರೆ. ನಮ್ಮ ಕಡೆ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ರಾತ್ರಿ ಬಾಗಿಲು ಬಡಿಯಲು ಬಂದ ದೆವ್ವ ಅದನ್ನೋದಿ ಮರ್ಯಾದೆಯಿಂದ ಹಿಂದಿರುಗುತ್ತಿತ್ತು. ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತು. ಇಲ್ಲಿಯ ಕೌಂಟರುಗಳಲ್ಲೂ ಅದೇ ಮಂತ್ರ, ಬಂಗಾಳಿಯಲ್ಲಿ: ‘ಕಾಲ್ ಆಶುನ್’. ಕಾಲ್ ಅಂದರೆ ನಾಳೆ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಯಮನ ಹೆಸರಾಗಿಯೇ ಬೀಳುತ್ತದೆ.

ದುರ್ಗಾಪೂಜೆಯ ಅಷ್ಟಮಿಯ ರಾತ್ರಿ. ರೋಗಿಯೊಬ್ಬರ ರಕ್ತ ತೆಗೆದ ಸೂಜಿಗೆ ಮುಚ್ಚಳ ತೊಡಿಸಲು ಹೋದೆ (ತೊಡಿಸಬಾರದು, ಹೊಸಬರಿಗೆ ಆ ಪಾಠ ಹೇಳುವವಳೇ ನಾನು). ತೋರುಬೆರಳ ಗ್ಲೌಸಿನೊಳಗೆ ರಾಗಿಕಾಳಿನಷ್ಟು ಕೆಂಪು ಮೂಡಿತು. ಹಿಂಡಲಿಲ್ಲ, ಬಾಯಿಗಿಡಲಿಲ್ಲ, ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದೆ. ನೀವು ಆ ರೋಗಿಯ ಮೈಯಲ್ಲಿ ಮನೆ ಮಾಡಿದ್ದೀರಿ ಎಂದು ಕೇಸ್‌ಶೀಟು ಹೇಳುತ್ತಿತ್ತು. ಇಂಥ ಚುಚ್ಚಿಗೆ ನೀವು ಅಂಟುವುದು ಸಾವಿರಕ್ಕೆ ಸುಮಾರು ಮೂವರಿಗೆ. ಆ ರಾತ್ರಿ ಆ ಮೂವರೂ ನಾನೇ ಅನ್ನಿಸಿತು.

ನಿಮ್ಮ ವೇಳಾಪಟ್ಟಿ ನನಗೆ ಬಾಯಿಪಾಠ. 2 ಗಂಟೆಯೊಳಗೆ ಮೊದಲ ಮಾತ್ರೆ ಬಿದ್ದರೆ ಉತ್ತಮ, 72 ಗಂಟೆ ದಾಟಿದರೆ ವ್ಯರ್ಥ. ಅಷ್ಟರಲ್ಲಿ ನೀವು ದುಗ್ಧರಸ ಗ್ರಂಥಿ ಸೇರಿ ಬೇರೂರಿರುತ್ತೀರಿ. ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಇದಕ್ಕೆ ಪೆಪ್ ಅನ್ನುತ್ತೇವೆ.

ನಮ್ಮ ವೇಳಾಪಟ್ಟಿಯನ್ನೂ ಕೇಳಿ. ಒಂದು ಕಡೆ ಮಾತ್ರೆಯ ಕಪಾಟಿನ ಕೀಲಿ ಇಟ್ಟುಕೊಂಡವರು ಕೀಲಿಯ ಸಮೇತ ಪೆಂಡಾಲ್ ನೋಡಲು ಹೋಗಿದ್ದರು. ಇನ್ನೊಂದು ಕಡೆ ಕೀಲಿ ಇತ್ತು, ಪ್ರಶ್ನೆಯೂ ಇತ್ತು: ‘ಮದುವೆಯಾಗಿದೆಯಾ?’ ಸೂಜಿಗೆ ಆಗಿಲ್ಲ ಅಂದೆ. ‘ಕಾಲ್ ಆಶುನ್’ ಅಂದರು. ಸಿಬ್ಬಂದಿಗೆ ಹೀಗಾದರೆ ಆಸ್ಪತ್ರೆಯೇ ಪೆಪ್ ಒದಗಿಸಬೇಕು ಎಂದು 2017ರ ಎಚ್‌ಐವಿ ಕಾಯ್ದೆಯಲ್ಲಿದೆ. ಆದರೆ ಅದು ನಿಮ್ಮಂತಲ್ಲ, ಓದು ಬಲ್ಲ ಕಾಯ್ದೆ. ‘ನಾಳೆ ಬಾ’ ಕಂಡರೆ ಹಿಂದಿರುಗುತ್ತದೆ.

ನಿಮಗೆ ಈ ಊರಲ್ಲಿ ಹಳೆಯ ಸೋಲೊಂದಿದೆ, ನೆನಪಿಸುವುದು ನನಗೆ ಖುಷಿ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಇಲ್ಲಿಯ ಕೆಂಪು ದೀಪದ ಕೇರಿ ಸೋನಾಗಾಚಿಗೆ ಹೋದರು. ಅಲ್ಲಿಯ ಹೆಂಗಸರಿಗೆ ಉಪದೇಶ ಮಾಡುವುದು ಬಿಟ್ಟು ಅವರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿಸಿದರು. 1995ರಲ್ಲಿ ಅವರದೇ ಸಂಘ ಎದ್ದಿತು, ದುರ್ಬಾರ್. ಆಮೇಲೆ ನೀವು ಬರುವ ಮೊದಲೇ ನುಂಗುವ ಮಾತ್ರೆಯ, ಅಂದರೆ ಪ್ರೆಪ್‌ನ, ಪ್ರಯೋಗ ನಡೆದಾಗ ದುರ್ಬಾರ್‌ನಿಂದ 678 ಹೆಂಗಸರು, ನಮ್ಮ ಮೈಸೂರಿನ ಅಂಥದೇ ಸಂಘ ಆಶೋದಯದಿಂದ 647 ಹೆಂಗಸರು ಸೇರಿದರು. ಒಬ್ಬರಿಗೂ ನೀವು ಅಂಟಲಿಲ್ಲ. ದುರ್ಗೆಯ ವಿಗ್ರಹಕ್ಕೆ ಅವರ ಹೊಸಿಲ ಮಣ್ಣು ಬೇಕೇ ಬೇಕು ಅನ್ನುವ ಭದ್ರಲೋಕಕ್ಕೆ, ಅಂದರೆ ಇಲ್ಲಿಯ ಮರ್ಯಾದಸ್ಥರಿಗೆ, ಅವರ ಶಿಸ್ತಿನ ಒಂದು ಚಿಟಿಕೆಯೂ ಬೇಡವಾಯಿತು ನೋಡಿ.

ನನಗೆ ಮಾತ್ರೆ ಸಿಕ್ಕಿದ್ದು 17ನೆಯ ಗಂಟೆಗೆ, ಮೂರನೆಯ ಕಡೆ. ನಿದ್ದೆಗೆಟ್ಟ ಎಳೆಯ ಡಾಕ್ಟರೊಬ್ಬ ಮೊದಲು ನೀರಿನ ಲೋಟ ಕೊಟ್ಟ, ಆಮೇಲೆ ಹೆಸರು ಕೇಳಿದ.

28 ದಿನ ಮುಗಿಯಿತು, 6 ವಾರದ ಪರೀಕ್ಷೆಯಲ್ಲಿ ನೀವಿರಲಿಲ್ಲ, 3 ತಿಂಗಳಿನದು ಬಾಕಿ. ಡಬ್ಬಿಯಲ್ಲಿ 30 ಮಾತ್ರೆ ಇದ್ದವು, ಎರಡು ಉಳಿದವು. ಸರ್ಕಾರದ ಸೊತ್ತಲ್ಲವೇ ಎಂದು ಮರಳಿಸಲು ಹೋದೆ.

‘ಕಾಲ್ ಆಶುನ್’ ಅಂದರು.