ತೇರು ಬರಬೇಕು, ಲಾರಿ ಬರಬಾರದು

ಗೌಡ್ರೇ, ಗುಲಾಬಿಗೆ ಆಮೇಲೆ ನೀರು ಬಿಡಿ, ಬೇಲಿ ಹತ್ತಿರ ಬನ್ನಿ. ಚಂದ್ರಚೂಡೇಶ್ವರನ ತೇರಿನ ದಿನ ಬೀದಿ ಬಾಯಿಗೆ ಆ ಹಳದಿ ಬ್ಯಾರಿಕೇಡ್ ಇಟ್ಟರೆ ಸಾಕು ಅಂದ್ರಲ್ಲ, ಸಾಲದು. ಹೇಳಿದ ಮಾತು ಕೇಳೋರನ್ನ ಅದು ನಿಲ್ಲಿಸುತ್ತೆ. ನುಗ್ಗಲೇಬೇಕು ಅಂತ ಬಂದ ಲಾರಿಯನ್ನಲ್ಲ.

2016ರ ಜುಲೈ 14ರಂದು ಫ್ರಾನ್ಸಿನ ನೀಸ್‌ನಲ್ಲಿ ಹಬ್ಬಕ್ಕೆ ಸೇರಿದ್ದ ಜನರ ಮೇಲೆ ಒಬ್ಬ 19 ಟನ್ನಿನ ಲಾರಿ ಹರಿಸಿದ. 86 ಜನ ಸತ್ತರು. ನಮ್ಮ ಹೊಸೂರಿನಲ್ಲಿ ಅಂಥದ್ದು ಎಲ್ಲಿ ಆಗುತ್ತೆ ಅಂತೀರಿ. ಆಗದಿರಲಿ. ಆದರೆ ಹೆದ್ದಾರಿ ಊರೊಳಗೇ ಹಾದಿದೆ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಲಾರಿಗಳು ಹಗಲೂ ರಾತ್ರಿ ಓಡ್ತವೆ. ಬ್ರೇಕ್ ಹೋದ ಲಾರಿ ಬಂದರೂ ಜನರನ್ನ ಕಾಯೋದು ನೆಲದಲ್ಲಿ ಹೂತ ಗಟ್ಟಿ ತಡೆಗಂಬವೇ.

ಕಂಬ ಆರಿಸೋ ಮೊದಲು ರಸ್ತೆ ನೋಡಬೇಕು. ವೇಗ ಎರಡರಷ್ಟಾದರೆ ಗುದ್ದಿನ ಶಕ್ತಿ ನಾಲ್ಕರಷ್ಟಾಗುತ್ತೆ. ಅದಕ್ಕೇ ಮೊದಲ ಕೆಲಸ ಓಟ ಮುರಿಯೋದು. ಚಿತ್ರದುರ್ಗದ ಕೋಟೆ ಬಾಗಿಲುಗಳನ್ನ ನೆನೆಸಿಕೊಳ್ಳಿ. ಆನೆ ಓಡಿಬಂದು ಗುದ್ದಬಾರದು ಅಂತ ದಾರಿಯನ್ನೇ ತಿರುಗಿಸಿ ಕಟ್ಟಿದ್ದಾರೆ. ನಾವೂ ಸಿಮೆಂಟ್ ದಿಮ್ಮಿಗಳನ್ನ ಎಡಕ್ಕೊಂದು ಬಲಕ್ಕೊಂದು ಇಟ್ಟು ವೇಗ ಇಳಿಸಬಹುದು. ಬರೀ ನೆಲದ ಮೇಲಿಟ್ಟ ದಿಮ್ಮಿ ಮಾತ್ರ ಗುದ್ದಿಗೆ ಜಾರುತ್ತೆ, ಅದರ ಹಿಂದೆ ಜನ ನಿಲ್ಲಬಾರದು.

ಆಮೇಲೆ ಕಂಬ. ಮಾರೋರನ್ನ ಎಷ್ಟು ದಪ್ಪ ಅಂತ ಕೇಳಿದರೆ ಪ್ರಯೋಜನವಿಲ್ಲ. ಎಷ್ಟು ತೂಕದ ಗಾಡಿಯನ್ನ, ಎಷ್ಟು ವೇಗದಲ್ಲಿ ಗುದ್ದಿಸಿ ನೋಡಿದ್ದೀರಿ, ಗುದ್ದಿದ ಗಾಡಿ ಎಷ್ಟು ಮೀಟರ್ ಒಳಗೆ ಬಂತು ಅಂತ ಕೇಳಬೇಕು. 2023ರಲ್ಲಿ ಬಂದ ಐಎಸ್‌ಒ 22343 ಮಾನದಂಡದಲ್ಲಿ ಇದೇ ಲೆಕ್ಕ ಇರೋದು. ಕಂಬಗಳ ನಡುವೆ 1.2 ಮೀಟರಿಗಿಂತ ಹೆಚ್ಚು ಜಾಗ ಬಿಡಬಾರದು. ಅಷ್ಟರಲ್ಲಿ ಗಾಲಿಕುರ್ಚಿ ಸಲೀಸಾಗಿ ಹೋಗುತ್ತೆ, ಕಾರು ನುಗ್ಗಲ್ಲ.

ತೇರುಬೀದಿಗೆ ಕಾಯಂ ಕಂಬ ಆಗಲ್ಲ, ತೇರು ಹಾಯಬೇಕಲ್ಲ. ಕಳಚಿ ತೆಗೆಯೋ ಕಂಬ ಬೇಕು. ನೆಲದಲ್ಲಿ ಗಟ್ಟಿ ತಳಪಾಯ, ಅದರೊಳಗೆ ಗೂಡು, ಮೇಲೆ ಮುಚ್ಚಳ. ಅಗೆಯೋ ಮೊದಲು ಚರಂಡಿ, ನೀರಿನ ಪೈಪು, ಕರೆಂಟ್ ಕೇಬಲ್ ಎಲ್ಲೆಲ್ಲಿವೆ ಅಂತ ನೋಡ್ಕೋಬೇಕು. ಆಂಬ್ಯುಲೆನ್ಸ್ ಬಂದರೆ ತೆಗೆಯೋಕೆ ಬೀಗದ ಕೈ ಹಿಡಿದ ಆಳು ಅಲ್ಲೇ ನಿಂತಿರಬೇಕು.

ಕೂರಿಸಿದರೆ ಮುಗೀಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ಕಂಬಗಳಿದ್ದವು, ಕೆಟ್ಟಿದ್ದವು, ಬದಲಾಯಿಸೋ ಕೆಲಸ ನಡೀತಿತ್ತು. 2025ರ ಹೊಸ ವರ್ಷದ ದಿನ ಒಬ್ಬ ಪಿಕಪ್ ಗಾಡಿಯನ್ನ ಫುಟ್‌ಪಾತ್ ಮೇಲೆ ಹತ್ತಿಸಿ ಒಳಗೆ ನುಗ್ಗಿದ. 14 ಜನ ಹೋದರು. ರಸ್ತೆಯಷ್ಟೇ ಫುಟ್‌ಪಾತನ್ನೂ ಮುಚ್ಚಬೇಕು, ತೇರಿಗೆ ಮುಂಚೆ ಒಂದೊಂದು ಕಂಬವನ್ನೂ ಹಾಕಿ ತೆಗೆದು ನೋಡಬೇಕು.

ತೇರಿನ ಕೆಲಸಕ್ಕೆ ನಿಲ್ಲೋರು ನೀವು, ನಿಮ್ಮ ಮಾತು ನಡೆಯುತ್ತೆ. ಸೋಮವಾರ ಕಾರ್ಪೊರೇಷನ್‌ಗೂ ಪೊಲೀಸರ ಹತ್ತಿರಾನೂ ಹೋಗೋಣ. ಮೊದಲು ಬೀದಿ ಅಳೆಸಿ ಅಂತ ಕೇಳೋಣ, ಕಂಬದ ರೇಟು ಆಮೇಲೆ.