ಅಗ್ಗದ ಗುಳಿಗೆ

ನಿವೃತ್ತನಾದ ಮರುವರ್ಷವೇ ನನ್ನ ರಕ್ತದೊತ್ತಡವು ಏರತೊಡಗಿತು. ಅದಕ್ಕೆ ಇಳಿದ ವರಮಾನವು ಕಾರಣವೋ ಅಡಿಗೆಮನೆಯ ಉಪ್ಪಿನಕಾಯಿ ಜಾಡಿ ಕಾರಣವೋ ಎಂಬ ವಿಷಯದಲ್ಲಿ ವೈದ್ಯರಿಗೂ ನನಗೂ ಇಂದಿಗೂ ಏಕಾಭಿಪ್ರಾಯವಿಲ್ಲ. ಟೆಲ್ಮಿಸಾರ್ಟನ್ ಎಂಬ 40 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೊಂದರಂತೆ ಆಜೀವಪರ್ಯಂತ ನುಂಗತಕ್ಕದ್ದೆಂದು ಅವರು ಅಪ್ಪಣೆ ಕೊಡಿಸಿದರು. ಆ ಚೀಟಿಯನ್ನು ಹಿಡಿದು ತಿಂಗಳಿಗೊಮ್ಮೆ ಮೆಡಿಕಲ್ ಸ್ಟೋರಿನ ಮುಂದೆ ನಿಂತು, ತೆರತಕ್ಕ ಹಣವೆಷ್ಟೆಂಬುದನ್ನು ಕೇಳಿದ ಕ್ಷಣದಲ್ಲಿ ಎದೆ ಡವಗುಟ್ಟುವುದನ್ನು ನೋಡಿ, ಮದ್ದೇ ರೋಗಕ್ಕೆ ಮೂಲವಾಗಿರಬಹುದೇ ಎಂದು ನಾನು ಶಂಕಿಸಿದ್ದುಂಟು.

ನಮ್ಮ ಬಾಲ್ಯದಲ್ಲಿ ಈ ಸಂಕಟವಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕವನು ಮನೆಯಿಂದ ಸೀಸೆಯೊಂದನ್ನು ತೊಳೆದು ಒಯ್ದರೆ ಸಾಕು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರನ್ನು ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಬೆನ್ನಿಗೆ ಗೋಂದಿನಿಂದ ಅಂಟಿಸಿ, ಹಲ್ಲಿಗೊಂದು ವೇಳೆಯೆಂದು ಹೇಳಿ ಕಳುಹಿಸುವರು. ನಮ್ಮ ಮನೆಯ ಸೀಸೆಯು ಪೂರ್ವಾಶ್ರಮದಲ್ಲಿ ಹರಳೆಣ್ಣೆಯದಾಗಿದ್ದುದರಿಂದ, ಯಾವ ವ್ಯಾಧಿಗೆ ಯಾವ ಔಷಧ ಕೊಟ್ಟರೂ ಅದರಲ್ಲಿ ಒಂದು ಗುಣವು ಮಾತ್ರ ತಪ್ಪುತ್ತಿರಲಿಲ್ಲ.

ಹೀಗಿರಲು, ನಮ್ಮ ಬಡಾವಣೆಯಲ್ಲಿ ಜನೌಷಧಿ ಕೇಂದ್ರವೊಂದು ತೆರೆಯಿತು. ಸರ್ಕಾರದ ಈ ಯೋಜನೆ 2008ರದೇ ಆದರೂ ನನ್ನ ಕಣ್ಣಿಗೆ ಬಿದ್ದುದು ತಡವಾಗಿ. ಮನುಷ್ಯರಿಗೆ ಜಾತಕದಲ್ಲಿ ಒಂದು ಹೆಸರು, ಕರೆಯುವುದಕ್ಕೆ ಒಂದು ಹೆಸರು ಇರುವಂತೆ ಮದ್ದಿಗೂ ಎರಡು ನಾಮಧೇಯಗಳುಂಟೆಂದೂ, ನಾನು ಇಷ್ಟು ಕಾಲ ಕಂಪನಿಯವರಿಟ್ಟ ಮುದ್ದಿನ ಹೆಸರಿಗೇ ಬೆಲೆ ತೆತ್ತಿದ್ದೆನೆಂದೂ ಅಲ್ಲಿ ಕುಳಿತಿದ್ದ ಹುಡುಗಿಯು ತಿಳಿಯಹೇಳಿದಳು. ಪೇಟೆಂಟಿನ 20 ವರ್ಷದ ಅವಧಿಯು ತೀರಿದ ಮೇಲೆ, ಲೈಸೆನ್ಸು ಪಡೆದ ಯಾವ ಕಾರ್ಖಾನೆಯಾದರೂ ಅದೇ ಮದ್ದನ್ನು ಮಾಡಬಹುದಷ್ಟೆ. ವೈದ್ಯರನ್ನು ಕೇಳಿದೆ, "ಅದೇ ಮದ್ದು, ಅದೇ ಮಿಲಿಗ್ರಾಂ, ಧಾರಾಳವಾಗಿ ತಗೊಳ್ಳಿ" ಎಂದರು. 70 ರೂಪಾಯಿಗೂ ಮಿಕ್ಕಿದ್ದ ಹತ್ತು ಗುಳಿಗೆಯ ಪಟ್ಟಿಯು 15 ರೂಪಾಯಿಯೊಳಗೆ ಕೈಸೇರಿತು.

ದಿಗ್ವಿಜಯ ಮಾಡಿ ಬಂದವನಂತೆ ಮನೆಗೆ ಬಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರೆ, ನನ್ನ ಹೆಂಡತಿಯು ಕನ್ನಡಕ ಏರಿಸಿ ಬೆಲೆಯನ್ನೋದಿ, "ಅಲ್ಲಾಂದ್ರೆ, ಈ ದುಡ್ಡಿಗೆ ಕೊಡೋದು ಮಾತ್ರೇನೋ ಕಡಲೆಪುರೀನೋ?" ಎಂದಳು. ನಗಬೇಕೆಂದಿದ್ದೆ. ಆದರೆ ನಿಜ ಹೇಳಬೇಕಲ್ಲ: ಮೊದಲ ಮೂರು ದಿನ ನನಗೂ ತಲೆ ತಿರುಗಿದಂತಾಯಿತು, ಅಗ್ಗದ ಗುಳಿಗೆಯು ಗಂಟಲಿನಲ್ಲಿಯೇ ಸೋತು ನಿಂತಿದೆಯೆಂಬ ಭಾವನೆ. ನಾಲ್ಕನೆಯ ದಿನ ನೆರೆಮನೆಯವರ ಯಂತ್ರವನ್ನು ತೋಳಿಗೆ ಕಟ್ಟಿಸಿಕೊಂಡಾಗ 130ಕ್ಕೆ 80 ಎಂದು ತೋರಿತು. ಪಾಪ, ಅದಕ್ಕೆ ಬೆಲೆಯನ್ನು ಯಾರೂ ಹೇಳಿರಲಿಲ್ಲ.

ಆದರೆ ಯಂತ್ರದ ಸಾಕ್ಷ್ಯಕ್ಕೆ ಗೃಹಿಣಿಯ ನ್ಯಾಯಾಸ್ಥಾನದಲ್ಲಿ ಮಾನ್ಯತೆಯಿಲ್ಲ. ಕಡೆಗೆ ನಾನು, ಹಳೆಯ ದುಬಾರಿ ಮಾತ್ರೆಗಳು ಬರುತ್ತಿದ್ದ ರಟ್ಟಿನ ಪೆಟ್ಟಿಗೆಯನ್ನು ಹುಡುಕಿ ತೆಗೆದು, ಹೊಸ ಪಟ್ಟಿಗಳನ್ನು ಅದರೊಳಗೆ ಸೇರಿಸಿ, ದೇವರ ಗೂಡಿನ ಪಕ್ಕದಲ್ಲಿ ಎಂದಿನಂತೆ ಇಟ್ಟೆನು. ವಾರವೊಂದು ಕಳೆಯಿತು. ಕಾಫಿ ಕೊಡುತ್ತ ಅವಳು ನನ್ನನ್ನು ದಿಟ್ಟಿಸಿ, "ಆ ಅಗ್ಗದ್ದನ್ನ ಬಿಟ್ಟಮೇಲೆ ನೋಡಿ, ಮುಖದಲ್ಲಿ ಕಳೆ ಬಂದಿದೆ" ಎಂದಳು.

ಈ ಬರಹವನ್ನೋದಿದ ಮಹನೀಯರು ಎಂದಾದರೂ ನಮ್ಮ ಮನೆಗೆ ದಯಮಾಡಿಸಿದರೆ, ಆ ಪೆಟ್ಟಿಗೆಯ ಪ್ರಸ್ತಾಪವನ್ನೆತ್ತಬಾರದಾಗಿ ಪ್ರಾರ್ಥನೆ.