ಗೇಟಿನೊಳಗಿನ 1298 ಸಿಸಿ

ನನ್ನ ಕಾರು ಓಡುವ ದಾರಿ ಶೆಡ್ಡಿನಿಂದ ಗೇಟಿನವರೆಗೆ. ಮಂಗಳೂರಿನ ಶಕ್ತಿನಗರದ ಗುಡ್ಡದ ಮೇಲೆ ಮನೆ ಕಟ್ಟಿಕೊಂಡವರಿಗೆ ಅಂಗಳವೆಂದರೆ ಮುರಕಲ್ಲಿನ ಒಂದು ಏರು, ಅಷ್ಟೆ. ಗೇಟು ದಾಟುವಂತಿಲ್ಲ. ಮನೆಯಲ್ಲೇ ಕಟ್ಟಿದ ಕಾರಿಗೆ ಕೆಎ-19 ನಂಬರು ಬೇಕಿದ್ದರೆ ಮೊದಲು ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ಎಸ್ಸೆಸ್ಸೆಲ್ಸಿಯ ನಂತರ ಪರೀಕ್ಷೆಗಳ ಜೊತೆ ನನಗೆ ಅಂಥ ಸ್ನೇಹವಿಲ್ಲ. ಇರಲಿ. ಇಂಥ ಕಾರಿಗೆ ವೇಗ ಸಾಲದು ಎಂದು ಒಂದು ದಿನ ನನಗೆ ಅನ್ನಿಸಿತು.

ಕಾರು ಕಟ್ಟುವ ಹುಚ್ಚಿಗೆ ಕಾರಣ ಸಿಪಾನಿ ಡಾಲ್ಫಿನ್. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ, ಫೈಬರ್ ಮೈಯ, 848 ಸಿಸಿಯ ಪುಟ್ಟ ಗಾಡಿ. ಬ್ರಿಟನ್ನಿನ ರಿಲಯಂಟ್ ಕಿಟನ್ನಿನ ದೇಸಿ ಅವತಾರ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದಕ್ಕೆ ರಸ್ತೆಯಲ್ಲಿ ಜಾಗವನ್ನೇ ಉಳಿಸಲಿಲ್ಲ. ಈ ವೈರಿಗಳಿಬ್ಬರನ್ನು ನಮ್ಮ ಶೆಡ್ಡಿನಲ್ಲಿ ರಾಜಿ ಮಾಡಿಸುವುದೆಂದು ಹೊರಟೆ: ಮೈ ಫೈಬರಿನದ್ದು, ಹೊಟ್ಟೆಯೊಳಗೆ ಮಾರುತಿ. ಚೌಕ ಪೈಪಿನ ಚಾಸಿ ಬೈಕಂಪಾಡಿಯಲ್ಲಿ ವೆಲ್ಡಿಂಗ್ ಆಗಿ ಬಂತು. ಮೈಗೆ, ಬಂದರಿನ ಕಡೆ ದೋಣಿಗೆ ಫೈಬರ್ ಹೊಡೆಯುವವರೊಬ್ಬರನ್ನು ಹಿಡಿದೆ. ನಾನು ಬರೆದ ಚಿತ್ರ ನೋಡಿ ಅವರು ಕೇಳಿದರು, “ಎಷ್ಟು ಜನ ಕೂತ್ಕೊಳ್ಳುದು ಸಾರ್? ಭಾರ ಎಲ್ಲ ಒಂದೇ ಬದಿಗೆ ಬಂದ್ರೆ ಮಗುಚ್ತದೆ.”

ಕೆಲಸ ಮಾತ್ರ ಅಚ್ಚುಕಟ್ಟು. ಒಂದು ಹನಿ ನೀರು ತಳದಿಂದ ಒಳಗೆ ಬರುವಂತಿಲ್ಲ. ಆದ್ದರಿಂದ ಮೇಲಿನಿಂದ ಬಿದ್ದದ್ದು ಹೊರಗೆ ಹೋಗುವಂತೆಯೂ ಇಲ್ಲ. ಮಾಡು ಇಲ್ಲದ ಕಾರು, ಮಂಗಳೂರಿನ ಜೂನ್ ತಿಂಗಳು. ಬೆಳಿಗ್ಗೆ ನೋಡಿದರೆ ಸೀಟಿನ ಮಟ್ಟಕ್ಕೆ ನೀರು, ಅದರಲ್ಲಿ ಕಪ್ಪೆ. ಡ್ರಿಲ್ಲು ತಂದು ತಳಕ್ಕೆ ತೂತು ಕೊರೆದೆ. ದೋಣಿಯವರಿಗೆ ಈಗಲೂ ಆ ವಿಷಯ ಹೇಳಿಲ್ಲ. ಅವರ ಮನಸ್ಸಿಗೆ ನೋವಾದೀತು.

ಮಾರುತಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನು. ಸುಮಾರು 37 ಅಶ್ವಶಕ್ತಿ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ನಾನು ರಾತ್ರಿ ಓದುತ್ತಿದ್ದ ಪುಸ್ತಕಗಳಲ್ಲಿ. 1962ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಎಸಿ ಕಂಪೆನಿಯ ಪುಟ್ಟ ಕಾರಿಗೆ ಫೋರ್ಡಿನ ವಿ8 ಎಂಜಿನ್ ತುರುಕಿ ಕೋಬ್ರಾ ಮಾಡಿದ. ನಮ್ಮ ಪಕ್ಕದ ಕೊಯಮತ್ತೂರಿನ ಕರಿವರ್ಧನ್ 1988ರಲ್ಲಿ ಇದೇ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ಫಾರ್ಮುಲಾ ಮಾರುತಿ ರೇಸ್ ಕಾರು ತಂದರು. ಆ ದಾರಿಯಲ್ಲೇ ಮುಂದೆ 1300 ಸಿಸಿಯ ರೇಸ್ ಕಾರುಗಳೂ ಬಂದವು. ಹಾಗಾದರೆ ನನ್ನದೇಕೆ 796ಕ್ಕೆ ನಿಲ್ಲಬೇಕು? ಶೆಲ್ಬಿಯ ಹಿಂದೆ ಫೋರ್ಡ್ ಕಂಪೆನಿ ಇತ್ತು. ನನ್ನ ಹಿಂದೆ ವಿಟ್ಲದ ಭಾವ ಇದ್ದರು.

“ಗೇಟಿಗೆ ಬೇಗ ಮುಟ್ಟಿ ಎಂತ ಮಾಡ್ಲಿಕ್ಕುಂಟು ನಿಮಗೆ?” ಎಂದು ಹೆಂಡತಿ ಕೇಳಿದಳು. ತಾಂತ್ರಿಕ ವಿಷಯಗಳನ್ನು ಎಲ್ಲರಿಗೂ ವಿವರಿಸಲಿಕ್ಕಾಗುವುದಿಲ್ಲ ಎಂದು ಸುಮ್ಮನಾದೆ.

ಗುಜರಿಯಲ್ಲಿ ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಸಿಕ್ಕಿತು. ನಾಲ್ಕು ಸಿಲಿಂಡರು, 1298 ಸಿಸಿ, 65 ಅಶ್ವಶಕ್ತಿ. ವೈರಿಂಗಿನ ರಗಳೆ ಬೇಡವೆಂದು ಕಾರ್ಬ್ಯುರೇಟರಿನದ್ದನ್ನೇ ತೆಗೆದುಕೊಂಡೆ. ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೆಯದನ್ನು ಎತ್ತಿದೆವು, ಹೊಸದನ್ನು ಇಳಿಸಿದೆವು. ಅದು ಇಳಿಯಲಿಲ್ಲ. ಒಂದು ಸಿಲಿಂಡರಿನಷ್ಟು ಉದ್ದ ಹೆಚ್ಚು ಎಂಬುದು ಕಾಗದದ ಮೇಲೆ ಸಣ್ಣ ವಿಷಯ. ಅಷ್ಟರಲ್ಲಿ ಮಳೆ ಹಿಡಿಯಿತು. ಟಾರ್ಪಾಲು ಸುತ್ತಿ ಎಂಜಿನ್ನನ್ನು ಮರದಲ್ಲೇ ಬಿಟ್ಟೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಇಷ್ಟು ದೊಡ್ಡ ಹಲಸನ್ನು ಮಂಗ ಮುಟ್ಟಬಾರದೆಂದು ಕಟ್ಟಿಟ್ಟದ್ದಾ ಎಂದು ಅತ್ತೆಯನ್ನು ವಿಚಾರಿಸಿದರಂತೆ. ಅತ್ತೆ ಹೌದೆಂದರಂತೆ. ಅಳಿಯನ ಮಾನ ಅವರಿಗೂ ಮುಖ್ಯ.

ಮಳೆ ಬಿಟ್ಟ ಮೇಲೆ ಗೊತ್ತಾಯಿತು, ದೊಡ್ಡ ಎಂಜಿನ್ನು ಮದುಮಗನ ಹಾಗೆ. ಒಬ್ಬನೇ ಬರುವುದಿಲ್ಲ, ದಿಬ್ಬಣವನ್ನೇ ಕರೆತರುತ್ತದೆ. ಅದನ್ನು ಕೂರಿಸಲು ಚಾಸಿಯ ಪೈಪು ಕತ್ತರಿಸಿ ಅಗಲ ಮಾಡಬೇಕಾಯಿತು. ಹಳೆಯ ಡ್ರೈವ್‌ಶಾಫ್ಟ್ ಹೊಂದಲಿಲ್ಲವೆಂದು ಎಸ್ಟೀಮಿನದ್ದು, ಅದಕ್ಕೆ ಅದರದ್ದೇ ಹಬ್ಬು. ಹಬ್ಬು ಬಂದ ಮೇಲೆ 12 ಇಂಚಿನ ಚಕ್ರ ಹೋಗಿ 13ರದ್ದು. ಅದು ಮಡ್‌ಗಾರ್ಡಿಗೆ ಉಜ್ಜಿತೆಂದು ಮಡ್‌ಗಾರ್ಡು ಕೊಯ್ದದ್ದು. 800ರ ರೇಡಿಯೇಟರಿನಲ್ಲಿ ನೀರು ಅನ್ನಕ್ಕಿಟ್ಟಂತೆ ಕುದಿಯತೊಡಗಿದಾಗ ದೊಡ್ಡ ರೇಡಿಯೇಟರು, ಅದಕ್ಕೆ ಜಾಗ ಮಾಡಲು ಕಾರಿನ ಮೂಗಿಗೆ ಗರಗಸ. ಬಾನೆಟ್ಟು ಮುಚ್ಚಲೇ ಇಲ್ಲ. ಏರ್ ಕ್ಲೀನರು ಹೊರಗೆ ಇಣುಕುವಷ್ಟು ಕಂಡಿ ತೆಗೆದು, ಅದು ಸ್ಪೋರ್ಟ್ಸ್ ಕಾರಿನ ಲಕ್ಷಣ ಎಂದು ಸಾರಿದೆ. ಎಲ್ಲ ಮುಗಿಯುವಾಗ ಮೊದಲಿನ ಕಾರಿನದ್ದೆಂದು ಉಳಿದದ್ದು ಸ್ಟಿಯರಿಂಗು, ಬ್ರೇಕು ಮತ್ತು ತಳದ ತೂತು.

ಬ್ರೇಕು ಬದಲಿಸಲಿಲ್ಲ. ಹಣ ಅಲ್ಲಿಗೆ ಮುಗಿದಿತ್ತು.

ಸ್ಟಾರ್ಟ್ ಮಾಡಿದಾಗ ಮೂರು ಮನೆ ಆಚೆಯ ನಾಯಿಗೂ ನನ್ನ ಮೇಲೆ ಗೌರವ ಬಂತು. ಫಸ್ಟ್ ಗೇರು ಹಾಕಿ ಕ್ಲಚ್ ಬಿಟ್ಟೆ. ಮುರಕಲ್ಲಿನ ಮೇಲೆ ಆಟಿ ತಿಂಗಳ ಪಾಚಿ. ಅರುವತ್ತೈದು ಕುದುರೆಗಳೂ ನಿಂತಲ್ಲೇ ಕುಣಿದವು. ಚಕ್ರ ಗಿರ್ರನೆ ತಿರುಗಿತು, ಕಾರು ಅಲುಗಲಿಲ್ಲ, ಹಿಂದೆ ನಿಂತು ದೂಡಲು ಸಿದ್ಧರಾಗಿದ್ದ ಭಾವ ಪಂಚೆ ಎತ್ತಿ ಕಟ್ಟಿದರು. ಇನ್ನೊಂದಿಷ್ಟು ಆಕ್ಸಿಲರೇಟರ್ ಒತ್ತಿದೆ. ಪಾಚಿ ಸವೆದು ಕಲ್ಲು ಸಿಕ್ಕಿದ ಕೂಡಲೇ ಕಾರು ಹೊರಟಿತು. ಬ್ರೇಕು 37 ಅಶ್ವಶಕ್ತಿಗೆ ಎಷ್ಟು ಹಿಡಿಯಬೇಕೋ ಅಷ್ಟು ಪ್ರಾಮಾಣಿಕವಾಗಿ ಹಿಡಿಯಿತು. ಗೇಟು ಹೊರಕ್ಕೆ ತೆರೆಯುವಂಥದ್ದಲ್ಲ. ಅಂದು ತೆರೆಯಿತು.

ನಾಲ್ಕು ಅಡಿಯಷ್ಟು ಮೂಗು ಕಾರ್ಪೊರೇಶನ್ ರಸ್ತೆಗೆ ಚಾಚಿ ನಿಂತಿತ್ತು. ಭಾವ ಬಂದು ಒಮ್ಮೆ ಗೇಟು ನೋಡಿದರು, ಒಮ್ಮೆ ರಸ್ತೆ. “ಇನ್ನು ಇದಕ್ಕೆ ಇನ್ಶೂರೆನ್ಸ್ ಬೇಕಾಗ್ತದೆ ಮಾರಾಯ.” ತಯಾರಕರು ಕೊಟ್ಟ ರೂಪವನ್ನು ಮಾಲೀಕ ಮನಬಂದಂತೆ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ ಎಂದು ಎದುರು ಮನೆಯ ವಕೀಲರು ತಿಳಿಸಿದರು. ತಯಾರಕ ನಾನೇ ಅಲ್ಲವೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇದು ಯೋಚಿಸಬೇಕಾದ ಪಾಯಿಂಟು ಎಂದು ಒಳಗೆ ಹೋದರು.

ಹಳೆಯ 796 ಸಿಸಿಯನ್ನು ಭಾವ ಪಿಕಪ್ಪಿನಲ್ಲಿ ಹಾಕಿಕೊಂಡು ಹೋದರು. ನಂತೂರು ಸರ್ಕಲ್ಲು, ಪಂಪ್‌ವೆಲ್ಲು ದಾಟಿ ವಿಟ್ಲದವರೆಗೆ ಪ್ರಯಾಣ ಮಾಡಿದ ಭಾಗ್ಯ ನನ್ನ ಕಾರಿನಲ್ಲಿ ಅದಕ್ಕೊಂದೇ. ಅಲ್ಲಿ ಅದನ್ನು ಪಂಪಿಗೆ ಜೋಡಿಸಿ, ಎತ್ತಿದ ನೀರನ್ನೇ ಸ್ವಲ್ಪ ತಿರುಗಿಸಿ ಎಂಜಿನ್ ತಣ್ಣಗಾಗುವಂತೆ ಮಾಡಿದ್ದಾರೆ. ಕರೆಂಟು ಹೋದ ದಿನ ಅಡಿಕೆ ತೋಟಕ್ಕೆ ಅದರದ್ದೇ ನೀರು. ಮೊನ್ನೆ ಫೋನ್ ಮಾಡಿದ್ದರು. ಎಲ್ಲ ಚೆನ್ನಾಗುಂಟಂತೆ, ಗುಡ್ಡದ ಮೇಲಿನ ತೋಟಕ್ಕೆ ಮಾತ್ರ ನೀರು ಏರುವುದಿಲ್ಲವಂತೆ. “ಸ್ವಲ್ಪ ದೊಡ್ಡ ಎಂಜಿನ್ ಯಾವುದಾದ್ರೂ ಸುಮ್ಮನೆ ಬಿದ್ದಿದೆಯಾ ನಿನ್ನ ಹತ್ರ?”